ಅತ್ತೆ ಕಟ್ಟಿದ ಗಂಟು

ನಮ್ಮತ್ತೆ ಇಪ್ಪತ್ತೆಂಟು ವರ್ಷ ಹೋಟೆಲ್ ರೂಮುಗಳನ್ನು ಚೊಕ್ಕಟ ಮಾಡಿದವರು. ನಿವೃತ್ತಿಯಾದ ಮೇಲೆ ಒಮ್ಮೆಯಾದರೂ ಇನ್ನೊಬ್ಬರು ಹಾಸಿದ ಹಾಸಿಗೆಯಲ್ಲಿ ಮಲಗಲಿ ಎಂದು ಅವರನ್ನೂ ಮಾವನನ್ನೂ ಸಮುದ್ರದ ದಡದ ರೆಸಾರ್ಟಿಗೆ ಕರೆದೊಯ್ದೆವು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅತ್ತೆ ರೂಮಿಗೆ ಕಾಲಿಟ್ಟವರೇ ಮಂಚದ ಕೆಳಗೆ ಬಗ್ಗಿ ನೋಡಿ, "ಧೂಳಿದೆ" ಎಂದರು. ಕಿಟಕಿಯಾಚೆ ಅಷ್ಟು ದೊಡ್ಡ ಸಮುದ್ರವಿತ್ತು, ಅದನ್ನು ಮಾತ್ರ ನೋಡಲಿಲ್ಲ ಮಹಾತಾಯಿ.

ಮರುದಿನ ಬೆಳಿಗ್ಗೆ ಮಾವ ಸ್ನಾನಕ್ಕೆ ಹೋಗಿದ್ದರು. ನಾನು ತಿಂಡಿಗೆ ಕರೆಯಲು ಬಂದರೆ, ಅತ್ತೆ ದಿಂಬಿನ ಕವರುಗಳನ್ನೆಲ್ಲ ಹಾಸಿಗೆಯ ಬಟ್ಟೆಯೊಳಗೆ ಸುತ್ತಿ, ಗಂಟು ಕಟ್ಟಿ, ಬಾಗಿಲಾಚೆ ನಿಂತಿದ್ದ ಮಾಸಿದ ಬಟ್ಟೆಯ ಗಾಡಿಗೆ ಹಾಕುತ್ತಿದ್ದರು.

"ಅತ್ತೆ, ಅದು ಅವರ ಕೆಲ್ಸ ಅಲ್ವಾ?"

"ಪಾಪ, ರೂಮು ಗುಡಿಸೋ ಆ ಹುಡುಗಿಗೆ ದಿನಕ್ಕೆ ಹದಿನಾರು ರೂಮಂತೆ. ಸೊಂಟದ ಕಷ್ಟ ನಿಂಗೇನು ಗೊತ್ತು!"

ಮಾವ ತಲೆ ಒರೆಸಿಕೊಳ್ಳುತ್ತ ಬಂದು ದಿಂಬು ತಡಕಾಡಿದರು. ರಾತ್ರಿ ಕಿವಿಯ ಮಷೀನನ್ನು ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕವರಿನೊಳಗೆ ತುರುಕಿಡುವುದು ಅವರ ಅಭ್ಯಾಸ. ಈಗ ಕವರೇ ಇಲ್ಲ.

ನಾಲ್ಕು ವರ್ಷ ಏನೂ ಕೇಳಿಸದೆ ಮಾವ ಮೂಲೆ ಹಿಡಿದಿದ್ದರು; ಏನು ಕೇಳಿದರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ಅವರ ಕಿವಿಯ ಅಳತೆಗೇ ಮಾಡಿಸಿದ ಆ ಮಷೀನು ಬಂದು ಎರಡು ತಿಂಗಳಾಗಿತ್ತು, ಮನೆಯಲ್ಲಿ ಗಂಡ ಹೆಂಡತಿಯ ಜಗಳ ಮತ್ತೆ ಶುರುವಾಗಿತ್ತು. ನನಗಂತೂ ಆ ಜಗಳ ಕೇಳಿದರೆ ಹಾಲು ಕುಡಿದಷ್ಟು ಸಂತೋಷ. ಆ ಮಷೀನು ನೀರಿಗೆ ಬಿದ್ದರೆ ಕೆಟ್ಟಿತು, ಮಾವ ಮತ್ತೆ ಮೂಲೆಗೆ.

ಗಾಡಿ ಆಗಲೇ ಹೋಗಿತ್ತು. "ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ!" ಎನ್ನುತ್ತ ಅತ್ತೆ ಬರಿಗಾಲಲ್ಲೇ ಓಡಿದರು. ಮಂಡಿನೋವು ಎಂದು ಮೆಟ್ಟಿಲು ಕಂಡರೆ ಗೊಣಗುವವರು ಎರಡು ಮಹಡಿ ದಡದಡ ಇಳಿದರು. ಲಾಂಡ್ರಿ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ, ಸೋಪಿನ ಬಿಸಿ ವಾಸನೆ ಹಿಡಿದು ಹೋದರು. ನಾನು ಹಿಂದೆ ಏದುಸಿರು ಬಿಡುತ್ತ ಹೋದೆ.

ಅಲ್ಲಿ ಎದೆಮಟ್ಟ ಬಿಳಿ ಗಂಟುಗಳ ರಾಶಿ. ಒಂದು ಬಟ್ಟೆ ಒಗೆಯುವ ಮಷೀನಿಗೆ ಆಗಲೇ ನೀರು ತುಂಬುತ್ತಿತ್ತು.

"ಎಲ್ಲಿ ಅಂತ ಹುಡುಕ್ತೀರಮ್ಮಾ? ಎಲ್ಲಾ ಒಂದೇ ಥರ," ಎಂದ ಲಾಂಡ್ರಿಯವನು.

"ಒಂದೇ ಥರಾನಾ? ನಿನ್ನ ತಲೆ!"

ಅತ್ತೆ ರಾಶಿಯ ಸುತ್ತ ಒಂದು ಸುತ್ತು ಬಂದರು. ಎಲ್ಲರ ಹಾಗೆ ನಾಲ್ಕು ಮೂಲೆಯನ್ನೂ ಸೇರಿಸಿ ಬಿಗಿಯುವವರಲ್ಲ ಅವರು. ಮೂರನ್ನು ಒಟ್ಟಿಗೆ ಹಿಡಿದು ನಾಲ್ಕನೆಯದನ್ನು ಸುತ್ತಿ ಸಿಕ್ಕಿಸುತ್ತಾರೆ, ಒಗೆಯುವವರು ಎಳೆದರೆ ಒಂದೇ ಸಲಕ್ಕೆ ಬಿಚ್ಚಲಿ ಎಂದು. ನೀರು ತುಂಬುತ್ತಿದ್ದ ಮಷೀನಿನ ಪಕ್ಕದಲ್ಲೇ ಇದ್ದ ಒಂದು ಗಂಟಿಗೆ ಕೈ ಹಾಕಿ ಮೂಲೆ ಎಳೆದರು, ಕವರು ಕೊಡವಿದರು. ಕರವಸ್ತ್ರ ಬಿತ್ತು, ಒಳಗೆ ಕಿವಿಯ ಮಷೀನು ಒದ್ದೆಯಾಗದೆ ಬೆಚ್ಚಗಿತ್ತು.

ಅತ್ತೆ ಆ ಒದ್ದೆ ನೆಲದ ಮೇಲೆಯೇ ಕುಳಿತು ಅತ್ತುಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು.

ರೂಮಿಗೆ ಮರಳಿದೆವು. ಮಾವ ಮಷೀನು ಕಿವಿಗೆ ಸಿಕ್ಕಿಸಿಕೊಂಡದ್ದೇ ತಡ, ಅತ್ತೆ ಶುರುಮಾಡಿದರು: "ಡಬ್ಬೀಲಿ ಇಡೋಕೆ ಏನ್ರೀ ಧಾಡಿ ನಿಮಗೆ?"

"ಕೇಳಿಸ್ತು ಕಣೇ, ಕೇಳಿಸ್ತು," ಎಂದು ಮಾವ ನಕ್ಕರು.

ಮಾರನೆಯ ಬೆಳಿಗ್ಗೆ ಹೋದಾಗ ಹಾಸಿಗೆ ಮುದ್ದೆಯಾಗಿ ಬಿದ್ದಿತ್ತು. ಇಬ್ಬರೂ ಬಾಲ್ಕನಿಯಲ್ಲಿ ಕುಳಿತು ಸಮುದ್ರ ನೋಡುತ್ತಿದ್ದರು. ಅತ್ತೆ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು.