ರುಚಿ ನೋಡದ ಅಡುಗೆ

ಮೊನ್ನೆ ಸವಳಂಗ ರಸ್ತೆಯ ಒಂದು ದಿನಸಿ ಅಂಗಡಿಯಲ್ಲಿ ಒಣಕೊಬ್ಬರಿ ಆರಿಸುತ್ತಿದ್ದೆ. ಒಂದು ಹೋಳು ಎತ್ತಿ ಮೂಗಿಗೆ ಹಿಡಿದೆ, ಇಟ್ಟೆ. ಇನ್ನೊಂದನ್ನು ಎತ್ತಿ ಮೂಸಿದೆ, ಇಟ್ಟೆ. ತಕ್ಕಡಿ ಹಿಡಿದು ಕಾಯುತ್ತಿದ್ದ ಅಂಗಡಿಯವರು ತಡೆಯಲಾರದೆ, "ಎಲ್ಲಾ ಒಂದೇ ಮಾಲು ಮೇಡಂ. ನೀವು ಮೂಸೋದು ನೋಡಿದ್ರೆ ಪೊಲೀಸರು ಕಳಿಸಿದ ಹಾಗಿದೆ" ಎಂದರು. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಮೂರನೆಯ ಹೋಳು ಕಮಟು ಹಿಡಿದಿತ್ತು. ಅದನ್ನು ಅವರ ಕೈಗೆ ಕೊಟ್ಟೆ. ಅವರು ಮೂಸಿ ನೋಡಿ, ಸದ್ದಿಲ್ಲದೆ ಗಲ್ಲಾದ ಕೆಳಗೆ ಇಟ್ಟುಕೊಂಡರು.

ಗೆದ್ದ ಸಂತೋಷವೇನೂ ಆಗಲಿಲ್ಲ. ಆ ಹಳಸಿದ ಎಣ್ಣೆಯ ವಾಸನೆ ಗೋಪಾಳದ ನನ್ನ ಬಾಡಿಗೆ ಕೋಣೆಯವರೆಗೂ ಗಂಟಲಲ್ಲಿ ಕೂತಿತ್ತು. ನಾನು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರಯೋಗಾಲಯದಲ್ಲಿ ಯಾವುದನ್ನೂ ನೇರವಾಗಿ ಮೂಸಬಾರದು, ಆವಿಯನ್ನು ಕೈಯಿಂದ ಮೂಗಿನ ಕಡೆಗೆ ಬೀಸಿಕೊಳ್ಳಬೇಕು ಎಂದು ಮಕ್ಕಳಿಗೆ ಪ್ರತಿ ವರ್ಷ ಗಂಭೀರವಾಗಿ ಹೇಳುತ್ತೇನೆ. ಹೇಳುವ ನಾನು ಮಾತ್ರ ಹಾಲು, ಹಿಟ್ಟು, ಬೇಳೆ, ಕೊನೆಗೆ ಕ್ಯಾಂಟೀನಿನ ಚಟ್ನಿಯನ್ನೂ ಮೂಸದೆ ಬಾಯಿಗಿಡುವುದಿಲ್ಲ. ಇದು ನನ್ನ ಹುಟ್ಟುಗುಣವಲ್ಲ. ಎಂಟನೆಯ ತರಗತಿಯಿಂದ ಎಂಟೊಂಬತ್ತು ವರ್ಷ ನಾನು ಮಾಡಿದ ಕೆಲಸ. ಆ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡವರು ನನ್ನ ಅತ್ತೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಭದ್ರಾವತಿಯ ಜನ್ನಾಪುರದ ಅಂಚಿನಲ್ಲಿ ನಮ್ಮದು ಹಂಚಿನ ಮನೆ. ಹಿಂದೆ ಉದ್ದನೆಯ ಹಿತ್ತಲು: ನಾಲ್ಕು ತೆಂಗು, ಒಂದು ನುಗ್ಗೆಮರ, ಹೀರೆಯ ಚಪ್ಪರ, ಒಂದು ಎಮ್ಮೆ. ಅಪ್ಪ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಿದ್ದರು, ಅಮ್ಮ ಅಂಗನವಾಡಿಗೆ. ನನಗೆ ಎರಡು ವರ್ಷವಿದ್ದಾಗ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆ, ಮರುದಿನ ಬೆಳಿಗ್ಗೆಯೇ ಒಲೆಯ ಮುಂದೆ ನಿಂತರಂತೆ. ಅಮ್ಮ ಬಿಟ್ಟುಕೊಟ್ಟಳಂತೆ. ಇಬ್ಬರೂ ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲವಂತೆ. ನಮ್ಮ ಮನೆಯ ದೊಡ್ಡ ಒಪ್ಪಂದಗಳೆಲ್ಲ ಹೀಗೆ ಬಾಯಿ ಮುಚ್ಚಿಕೊಂಡೇ ಆಗಿರುವುದು.

ಅತ್ತೆಯ ಅಡುಗೆಮನೆಯಿಂದ ಹೊರಗೆ ಹೋಗುವ ಪದಾರ್ಥವೇ ಇರಲಿಲ್ಲ ಎಂದರೆ ನೀವು ನಂಬಬೇಕು. ಹೀರೆಕಾಯಿಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಕೊತ್ತಂಬರಿಯ ಎಲೆ ಮೇಲೆ ಉದುರಿಸಲು, ದಂಟು ಸಾರಿಗೆ. ಕಲ್ಲಂಗಡಿಯ ಕೆಂಪು ನಮಗೆ, ಬಿಳಿ ಭಾಗ ದೋಸೆ ಹಿಟ್ಟಿಗೆ, ಹಸಿರು ಸಿಪ್ಪೆ ಎಮ್ಮೆಗೆ. ಅಕ್ಕಿ ತೊಳೆದ ನೀರೂ ಎಮ್ಮೆಗೇ. ಬೆಣ್ಣೆ ಕಾಸಿದ ಪಾತ್ರೆಯ ತಳದ ಕಂದು ಗಷ್ಟಿಗೆ ಅನ್ನ ಹಾಕಿ, ಚಿಟಿಕೆ ಉಪ್ಪು ಬೆರೆಸಿ ನನ್ನ ಕೈಗೆ ಉಂಡೆ ಕೊಡುತ್ತಿದ್ದರು. ಪಾತ್ರೆ ತೊಳೆಯುವುದೂ ಸುಲಭ, ಮಗುವಿಗೂ ಖುಷಿ. ಬಡತನವೇನೂ ಇರಲಿಲ್ಲ. ಅಪ್ಪನ ಸಂಬಳ ಬರುತ್ತಿತ್ತು. ಆದರೆ ತವರಿನ ಅನ್ನ ಉಣ್ಣುವವರು ಒಂದು ಅಗುಳನ್ನೂ ಚೆಲ್ಲಬಾರದು ಎಂದು ಅತ್ತೆ ತಮಗೆ ತಾವೇ ವಿಧಿಸಿಕೊಂಡಿದ್ದರು. ಇದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಅವರದು ಇನ್ನೊಂದು ಕಟ್ಟುನಿಟ್ಟು. ದೇವರ ಮುಂದೆ ಎಡೆ ಇಡುವವರೆಗೆ ಅಡುಗೆಯನ್ನು ಯಾರೂ ನಾಲಿಗೆಗೆ ಸೋಕಿಸುವಂತಿಲ್ಲ. ಎಡೆ ಆದ ಮೇಲೂ ಎಲ್ಲರದೂ ಮುಗಿದ ನಂತರವೇ ಅವರ ಊಟ. ಹಾಗಾಗಿ ಇಡೀ ಅಡುಗೆ ಮೂಗಿನ ಮೇಲೆಯೇ ನಡೆಯಬೇಕು. ಬೇಳೆ ಬೆಂದದ್ದು, ಹುಣಸೆಯ ಹಸಿ ಹೋದದ್ದು, ಮೆಣಸು ಹುರಿದದ್ದು, ಎಲ್ಲವನ್ನೂ ಅವರು ಆವಿಯಲ್ಲೇ ಹಿಡಿಯುತ್ತಿದ್ದರು. ಉಪ್ಪು ಕಡಿಮೆಯಾದರೂ ತಿಳಿಯುತ್ತದೆ ಎನ್ನುತ್ತಿದ್ದರು. ಉಪ್ಪಿಗೆ ವಾಸನೆಯಿಲ್ಲ ಎಂದು ಶಾಲೆಯಲ್ಲಿ ಕಲಿತು ಬಂದು ವಾದ ಮಾಡಿದ್ದೆ. "ನಿಮ್ಮ ಟೀಚರ್ ಸಾರು ಮಾಡ್ತಾರಾ?" ಎಂದು ಕೇಳಿದರು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಅತ್ತೆಗೆ ಜ್ವರ ಬಂತು, ಜೊತೆಗೆ ಹದಿನೈದು ದಿನ ಬಿಡದ ನೆಗಡಿ. ಜ್ವರ ಹೋಯಿತು. ಒಂದು ಬೆಳಿಗ್ಗೆ ನಾನು ಜಡೆ ಹಾಕಿಕೊಳ್ಳುತ್ತ ಅಡುಗೆಮನೆಗೆ ಬಂದರೆ ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಅತ್ತೆ ಅದರ ಪಕ್ಕದಲ್ಲೇ ನಿಂತು ನಿಶ್ಚಿಂತೆಯಿಂದ ಕಾಯಿ ತುರಿಯುತ್ತಿದ್ದರು.

"ಅತ್ತೆ, ಹಾಲು ಸೀಯ್ತಿದೆ."

"ಸೀಯ್ತಿದೆಯಾ?"

ಅವರು ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಇಂಗಿನ ಡಬ್ಬ ತೆಗೆದು ಮೂಗಿಗೆ ಹಿಡಿದರು. ಆಮೇಲೆ ಡಬ್ಬದ ಮುಚ್ಚಳವನ್ನು ಬಹಳ ನಿಧಾನವಾಗಿ ಹಾಕಿದರು. ಹತ್ತು ದಿನದಿಂದ ಹೀಗೇ ಇತ್ತಂತೆ. ನೆಗಡಿಯ ಜೊತೆಗೇ ಹೋಗುತ್ತದೆ ಎಂದುಕೊಂಡಿದ್ದರಂತೆ.

"ಯಾರ ಹತ್ರನೂ ಹೇಳ್ಬೇಡ ಪುಟ್ಟಿ," ಎಂದರು. "ಅಡುಗೆಯವಳಿಗೆ ವಾಸನೆ ಗೊತ್ತಾಗಲ್ಲ ಅಂದ್ರೆ ಈ ಮನೇಲಿ ನನಗೇನು ಕೆಲ್ಸ ಹೇಳು?"

ಹೀಗೆ ನನ್ನ ಉದ್ಯೋಗ ಶುರುವಾಯಿತು. ಶಾಲೆಗೆ ಹೊರಡುವ ಮೊದಲು "ಪುಟ್ಟಿ, ಮೇಲಿನ ಡಬ್ಬ ಕೊಡು ಬಾ" ಎಂದು ಕರೆಯುತ್ತಿದ್ದರು. ಮೇಲಿನ ಡಬ್ಬ ಅವರಿಗೇ ಎಟುಕುತ್ತಿತ್ತು. ನಾನು ಹೋಗಿ ಸಾಲಾಗಿಟ್ಟ ಪಾತ್ರೆಗಳನ್ನು ಮೂಸುತ್ತಿದ್ದೆ: ನಿನ್ನೆಯ ಹುಳಿ, ಕಾಸಿದ ಹಾಲು, ರುಬ್ಬಿದ ಹಿಟ್ಟು. ಚೆನ್ನಾಗಿದ್ದರೆ ಸುಮ್ಮನಿರುವುದು, ಕೆಟ್ಟಿದ್ದರೆ ಕಿವಿ ತುರಿಸಿಕೊಳ್ಳುವುದು. ಕಿವಿ ತುರಿಸಿದ ಪಾತ್ರೆ ಹಿತ್ತಲಿಗೆ ಹೋಗುತ್ತಿತ್ತು. ಒಮ್ಮೆ ಅಮ್ಮ, "ಇವಳಿಗೆ ಯಾವಾಗ ನೋಡಿದ್ರೂ ಕಿವಿ ತುರಿಕೆ, ಡಾಕ್ಟರಿಗೆ ತೋರಿಸ್ಬೇಕು" ಎಂದಳು. ತೋರಿಸಿಯೂ ತೋರಿಸಿದಳು. ಕಿವಿಗೆ ಹಾಕುವ ಹನಿ ಕೊಟ್ಟರು. ಕಾಯಿಲೆಯೇ ಇಲ್ಲದ ಕಿವಿಗೆ ಹದಿನೈದು ದಿನ ಹನಿ ಹಾಕಿಸಿಕೊಂಡೆ. ಅತ್ತೆಯೇ ಹಾಕುತ್ತಿದ್ದರು, ನಗು ತಡೆದುಕೊಂಡು.

ಒಂದು ದಿನ ನನಗೆ ಬೇಜಾರಾಗಿ, "ನೀವೇ ಒಂದು ತೊಟ್ಟು ರುಚಿ ನೋಡಿ ಅತ್ತೆ. ಯಾರು ನೋಡ್ತಾರೆ?" ಎಂದೆ.

"ನಾನು ನೋಡ್ತೀನಲ್ಲ ಮಾರಾಯ್ತಿ," ಎಂದರು.

ಅವರು ಏನು ತಿಂದರೂ ತೌಡು ತಿಂದ ಹಾಗೆ ಆಗುತ್ತದೆ ಎಂದು ಒಮ್ಮೆ ಮಾತ್ರ ಹೇಳಿದ್ದರು. ಆದರೂ ಕೈಯ ಅಳತೆ ತಪ್ಪಲಿಲ್ಲ. ಮನೆಗೆ ಬಂದವರು ಅವರ ಹುರಳಿ ಸಾರನ್ನು ಹೊಗಳುತ್ತಲೇ ಇದ್ದರು. ಹೊಗಳಿದಾಗ ಅತ್ತೆ ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ ಅವರ ಕಡೆ ನೋಡುತ್ತಿರಲಿಲ್ಲ.

ಎಂ.ಎಸ್ಸಿ. ಸೇರಿ ಹಾಸ್ಟೆಲಿಗೆ ಬಂದೆ. ಪ್ರತಿ ಶನಿವಾರ ಊರಿಗೆ ಹೋಗಿ ಎಣ್ಣೆ, ಹಿಟ್ಟು, ಕೊಬ್ಬರಿಗಳನ್ನು ಮೂಸಿ ಬರುವುದು ರೂಢಿಯಾಯಿತು. ವಾರದ ದಿನಗಳಲ್ಲಿ ಅತ್ತೆ ಉಳಿದದ್ದನ್ನು ಯಾರಿಗೂ ಕಾಣದಂತೆ ಎಮ್ಮೆಯ ಬಾನಿಗೆ ಸುರಿದುಬಿಡುತ್ತಿದ್ದರು. ಚೆಲ್ಲಲಾರದ ಮನುಷ್ಯರು ಕದ್ದು ಚೆಲ್ಲುತ್ತಿದ್ದರು. ನನ್ನ ಗೆಳತಿಯರು ಸಿನಿಮಾಕ್ಕೆ ಹೋಗುವ ಶನಿವಾರಗಳಲ್ಲಿ ನಾನು ಬಸ್ಸಿನಲ್ಲಿ ಕೂತಿರುತ್ತಿದ್ದೆ. ಅದು ನನಗೆ ಭಾರವಾಗತೊಡಗಿತ್ತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಭಾರವಾಗಿತ್ತು.

ಒಂದು ಏಪ್ರಿಲ್ ಶುಕ್ರವಾರ ಅತ್ತೆ ಫೋನ್ ಮಾಡಿದರು. ಮರುದಿನ ಅಮ್ಮನ ತಮ್ಮ, ಅಂದರೆ ನನ್ನ ಮಾವ, ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬರುವವರಿದ್ದರು. ಮಾವನಿಗೆ ಮೂರು ದಿನ ಕುದಿಸಿ ಕುದಿಸಿ ಬತ್ತಿಸಿದ ಹುರಳಿ ಸಾರೆಂದರೆ ಪ್ರಾಣ. ಅತ್ತೆ ಗುರುವಾರವೇ ಮಾಡಿಟ್ಟಿದ್ದರು.

"ಸೆಖೆ ಜಾಸ್ತಿ ಇದೆ ಕಣೆ. ನೀನು ಬೇಗ ಬಂದುಬಿಡು. ಹನ್ನೊಂದಕ್ಕೆಲ್ಲ ಇರ್ತೀಯಲ್ಲ?"

"ಬರ್ತೀನಿ ಅತ್ತೆ."

ಹೋಗಲಿಲ್ಲ. ಪ್ರಾಕ್ಟಿಕಲ್ ಇದೆ ಎಂದು ಬೆಳಿಗ್ಗೆ ಅಪ್ಪನ ಮೊಬೈಲಿಗೆ ಒಂದು ಸಂದೇಶ ಕಳಿಸಿ ಗೆಳತಿಯರ ಜೊತೆ ಸಿನಿಮಾಕ್ಕೆ ಹೋದೆ. ಅಪ್ಪ ಸಂದೇಶ ನೋಡುವವರಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನದನ್ನು ಭಾನುವಾರ ಅಮ್ಮ ಫೋನಿನಲ್ಲಿ ಹೇಳಿದಳು. ಮಾವ ಮೊದಲ ತುತ್ತು ಬಾಯಿಗಿಟ್ಟು ನಿಲ್ಲಿಸಿದರಂತೆ. ಅವರ ಮಗಳು ಎದ್ದುಹೋಗಿ ಉಗಿದಳಂತೆ. ಮಾವ ತಮಾಷೆಯ ದನಿಯಲ್ಲೇ, "ಏನಕ್ಕಾ, ಎಮ್ಮೆಗಿಟ್ಟಿದ್ದನ್ನ ನಮಗೆ ಬಡಿಸಿಬಿಟ್ರಾ?" ಎಂದರಂತೆ. ಅಪ್ಪನ ಮುಖ ಕಪ್ಪಿಟ್ಟಿತು. "ಜಿಪುಣತನಕ್ಕೂ ಒಂದು ಮಿತಿ ಬೇಡ್ವಾ ಅಕ್ಕ?" ಎಂದರು. ಅಮ್ಮನೂ ಸೇರಿಸಿದಳು: "ಹೊಸದಾಗಿ ನಾಲ್ಕು ಕಾಳು ಬೇಯಿಸಿದ್ರೆ ಏನು ಹೋಗ್ತಿತ್ತು ಅತ್ತಿಗೆ?"

"ಅದಕ್ಕೆ ಅತ್ತೆ ಏನಂದ್ರು?" ಎಂದು ಕೇಳಿದೆ.

"ಏನಂತಾರೆ? ಚೆಲ್ಲೋಕೆ ಮನಸ್ಸು ಬರ್ಲಿಲ್ಲ ಅಂದ್ರು. ತಾವೇ ಒಪ್ಕೊಂಡ್ರು. ಊಟಕ್ಕೆ ಬೇರೆ ತಡ ಮಾಡಿದ್ರು, ನೀನು ಬರ್ತೀಯ ಅಂತ ನಾಲ್ಕು ಸಲ ಗೇಟಿಗೆ ಹೋಗಿ ಬಂದ್ರು."

ನಾನು ಆಗಲೇ ಹೇಳಬಹುದಿತ್ತು. ಮಾತು ಕೊಟ್ಟಿದ್ದೇನೆ ಎಂದು ಸುಮ್ಮನಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ನಿಜವೆಂದರೆ, ಹೇಳಿದ್ದರೆ ಅಮ್ಮ ಕೇಳುತ್ತಿದ್ದ ಮುಂದಿನ ಪ್ರಶ್ನೆಗೆ ಹೆದರಿದ್ದೆ: ಹಾಗಾದರೆ ನೀನು ಯಾಕೆ ಬರಲಿಲ್ಲ?

ಸೋಮವಾರದಿಂದ ಅಮ್ಮ ಅಂಗನವಾಡಿಗೆ ಹೋಗುವ ಮುಂಚೆ ಬೇಗ ಎದ್ದು ತಾನೇ ಅಡುಗೆ ಮಾಡತೊಡಗಿದಳು. ಈ ಒಪ್ಪಂದವೂ ಬಾಯಿ ಮುಚ್ಚಿಕೊಂಡೇ ಆಯಿತು. ಅತ್ತೆ ಜಗಲಿಗೆ ಬಂದರು. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು, ದೀಪಕ್ಕೆ ಬತ್ತಿ ಹೊಸೆಯುವುದು. ಫ್ರಿಜ್ ಬಂತು. ಎಮ್ಮೆ ಹೋಯಿತು. ನೆಂಟರು ಊಟಕ್ಕೆ ಕೂತಾಗ "ಇವತ್ತಿಂದೇ ತಾನೆ?" ಎಂದು ಅತ್ತೆಯ ಕಡೆ ತಿರುಗಿ ನಗುವುದು ಪದ್ಧತಿಯಾಯಿತು. ಅತ್ತೆಯೂ ನಗುತ್ತಿದ್ದರು. ಎರಡು ಸಲ ನಾನೂ ನಕ್ಕಿದ್ದೇನೆ. ಹೀಗೆ ನಾಲ್ಕು ವರ್ಷ ಕಳೆದವು.

ಕೊಬ್ಬರಿ ಕೊಂಡ ಆ ವಾರದ ಭಾನುವಾರ ಜನ್ನಾಪುರಕ್ಕೆ ಹೋದೆ. ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ: ಸೀದ ಹಾಲು, ಕಿವಿ ತುರಿಕೆ, ಸಿನಿಮಾ. ಅಮ್ಮ ಒದ್ದೆ ಟವೆಲನ್ನು ಹಿಡಿದುಕೊಂಡೇ ನಿಂತಳು. ಅದರಿಂದ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಎಲ್ಲರೆದುರು ನಾನೂ ಅಂದುಬಿಟ್ನಲ್ಲೇ," ಎಂದಳು. ನನ್ನ ಮುಖ ನೋಡಲಿಲ್ಲ. "ಇಷ್ಟು ವರ್ಷ ನಿಂಗೆ ಬಾಯಿ ಇರ್ಲಿಲ್ವಾ?"

ಆಮೇಲೆ ಒಳಗೆ ಹೋಗಿ, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಎಂದು ಕಾಣುತ್ತದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದಳು. "ಅತ್ತಿಗೆ, ಸ್ವಲ್ಪ ಒಳಗೆ ಬನ್ನಿ. ಬೇಳೆ ಹದ ನೀವೇ ನೋಡಿ. ಮೂಸೋದೇನೂ ಬೇಡ, ಕೈಯಲ್ಲಿ ಹಿಚುಕಿದ್ರೆ ಸಾಕು." ದನಿ ತೀರಾ ಮೆತ್ತಗಿತ್ತು. ಕಾಯಿಲೆಯವರನ್ನು ಮಾತನಾಡಿಸುವ ದನಿ.

ಅತ್ತೆ ಬೀನ್ಸ್ ಹೆಚ್ಚುತ್ತಿದ್ದರು. ಕತ್ತಿ ನಿಂತಿತು. ಅವರು ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿಂಗೇ ಗೊತ್ತಾಗುತ್ತೆ ಬಿಡು," ಎಂದು ಅಮ್ಮನಿಗೆ ಉತ್ತರ ಕೊಟ್ಟು ಮತ್ತೆ ಹೆಚ್ಚತೊಡಗಿದರು.

ಸಂಜೆ ನಾನು ಹೊರಟಾಗ ಗೇಟಿನವರೆಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನಿಮ್ಮ ಹೆಸರಿಗೆ ಅಂಟಿದ್ದು ಹೋಗ್ಲಿ ಅಂತ ಹೇಳಿದೆ ಅತ್ತೆ," ಎಂದೆ.

"ಜಿಪುಣಿ ಅಂತಿದ್ರು. ಅನ್ನಲಿ ಬಿಡು," ಎಂದರು. "ಜಿಪುಣಿ ಸರಿಹೋಗ್ತಾಳೆ ಕಣೆ. ಬುದ್ಧಿ ಬಂತು ಅಂತ ಒಂದಲ್ಲ ಒಂದಿನ ನಿಮ್ಮಮ್ಮ ನಂಗೆ ಒಲೆ ಬಿಟ್ಟುಕೊಡ್ತಿದ್ಲು. ಕೈಲಾಗದವಳಿಗೆ ಯಾರು ಕೊಡ್ತಾರೆ ಹೇಳು?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದರು. ನಾಲ್ಕು ವರ್ಷ ಆ ಜಗಲಿಯಲ್ಲಿ ಕೂತು, ನೆಂಟರ ಜೊತೆ ತಾವೂ ನಗುತ್ತ, ಅವರು ಕಾಯುತ್ತಿದ್ದರು ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ನಿನ್ನೆ ಅಮ್ಮ ಫೋನ್ ಮಾಡಿದ್ದಳು. ಅತ್ತೆ ತರಕಾರಿ ಹೆಚ್ಚುವುದನ್ನೂ ಬಿಟ್ಟಿದ್ದಾರಂತೆ. "ಕೈ ನಡುಗುತ್ತೆ, ನೀನೇ ಹೆಚ್ಕೋ" ಎಂದರಂತೆ. "ವಯಸ್ಸಾಯ್ತಲ್ಲ, ಪಾಪ," ಎಂದಳು ಅಮ್ಮ. ಆ ಭಾನುವಾರ ಬೀನ್ಸ್ ಹೆಚ್ಚುತ್ತಿದ್ದ ಅತ್ತೆಯ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದೊಂದು ಚೂರೂ ಅಳತೆಯಿಟ್ಟ ಹಾಗೆ ಬೀಳುತ್ತಿತ್ತು. ಅಮ್ಮನಿಗೆ ಅದನ್ನು ಹೇಳಬೇಕೆಂದು ಮಾತು ಬಾಯಿಯವರೆಗೆ ಬಂತು.

"ಹೌದಮ್ಮ, ವಯಸ್ಸಾಯ್ತು," ಎಂದೆ.