ತಾಯಿಬೇರು ಬಲ್ಲ ತುಕ್ರು

ಸುರತ್ಕಲ್ಲಿನ ಹೆದ್ದಾರಿಯಿಂದ ಒಳಕ್ಕೆ ಹೋದರೆ ಕೊರಗರ ಕಾಲೊನಿ ಸಿಗುತ್ತದೆ. ಅಲ್ಲಿ ಬುಟ್ಟಿ ಹೆಣೆಯುವ ತುಕ್ರುವಿಗೆ ಈಗ ಅರುವತ್ತು ದಾಟಿದೆ. ಕಾಲೊನಿಯ ಹಿಂದೆ ಮುರಕಲ್ಲಿನ ಪದವು, ಕುರುಚಲು ಪೊದೆಗಳ ಬಯಲುಗುಡ್ಡೆ. ದಾಖಲೆಯಲ್ಲಿ ಅದು ಸರ್ಕಾರದ್ದು. ಅದರ ಪೊದೆಗಳಲ್ಲಿ ಹಬ್ಬುವ ಬಳ್ಳಿ ಮಾತ್ರ ಅಜ್ಜನ ಕಾಲದಿಂದಲೂ ತುಕ್ರುವಿನ ಮನೆಯ ಅನ್ನ.

ಬಳ್ಳಿ ಕೊಯ್ಯುವುದಕ್ಕೂ ಒಂದು ಮರ್ಯಾದೆ ಇದೆ. ತಾಯಿಬೇರಿಗೆ ಕತ್ತಿ ತಾಗಬಾರದು. ಒಂದು ಪೊದೆಯಲ್ಲಿ ಕೊಯ್ದರೆ ಎರಡು ಮಳೆಗಾಲ ಆ ಕಡೆ ತಲೆ ಹಾಕಬಾರದು. ಕೆದಕಿದ ಮಣ್ಣು ಮುಚ್ಚಿ, ಮೇಲೆ ತರಗೆಲೆ ಹರಡಿ ಬರಬೇಕು. ತುಕ್ರು ಈ ಕೆಲಸದಲ್ಲಿ ಎಷ್ಟು ಅಚ್ಚುಕಟ್ಟೆಂದರೆ, ಅವಳು ಹೋಗಿ ಬಂದ ಜಾಗ ಅವಳ ಗಂಡನಿಗೂ ತಿಳಿಯುತ್ತಿರಲಿಲ್ಲ.

ಪದವಿನಲ್ಲಿ ಸೋಲಾರ್ ಹಾಕುತ್ತಾರೆಂದು ಸರ್ವೆಯವರು ಬಂದ ದಿನ ಅವಳು ಅಲ್ಲೇ ಇದ್ದಳು.

"ಇಲ್ಲಿ ನೀವು ಎಂತಾದ್ರೂ ನೆಟ್ಟಿದ್ದೀರಾ ಅಮ್ಮ?"

"ಇಲ್ಲ ಸರ್. ನಾವು ನೆಡುವುದಿಲ್ಲ, ಬಳ್ಳಿ ಕೊಯ್ಯುವುದು."

"ಕೊಯ್ದ ಗುರುತು ಎಲ್ಲುಂಟು?"

"ಗುರುತು ಕಾಣ್ಲಿಕ್ಕಿಲ್ಲ ಸರ್," ಎಂದಳು ತುಕ್ರು. ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. "ಕಂಡ್ರೆ ಕೊಯ್ದವರಿಗೆ ಕೆಲಸ ಗೊತ್ತಿಲ್ಲ ಅಂತ ಲೆಕ್ಕ."

ಸರ್ವೆಯವನು ಬರೆದುಕೊಂಡ. ಜನಬಳಕೆಯ ಕುರುಹು ಇಲ್ಲ, ಆಕ್ಷೇಪಣೆ ಇಲ್ಲ. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಸತ್ಯ ಹೇಳಿದವಳ ಗತಿಯೇನು ಎಂದು ಯಾವ ಗಾದೆಯೂ ಹೇಳುವುದಿಲ್ಲ. ಅದೇ ಪದವಿನ ಅಂಚಿನಲ್ಲಿ ನಾಲ್ಕು ಗೇರುಗಿಡ ನೆಟ್ಟು ಬೇಲಿ ಹಾಕಿದ್ದ ಪಕ್ಕದ ಧಣಿಗೆ ಪರಿಹಾರ ಸಿಕ್ಕಿತು. ಹೊಸ ಬೇಲಿ ಎದ್ದ ಮೇಲೆ ತುಕ್ರು ಕಚೇರಿಗೆ ಮೂರು ಸಲ ನಡೆದಳು. ಮೂರನೆಯ ಸಲ ಗುಮಾಸ್ತ ಸರ್ವೆಯ ಕಡತ ತೆರೆದು ಅವಳ ಮಾತನ್ನೇ ಅವಳಿಗೆ ಓದಿ ಹೇಳಿದ.

ಬಳ್ಳಿಯಿಲ್ಲದೆ ಬುಟ್ಟಿ ನಿಂತಿತು. ಮೂವತ್ತು ವರ್ಷದಿಂದ ಅವಳ ಬುಟ್ಟಿಯಲ್ಲೇ ಮೀನು ಮಾರುತ್ತಿದ್ದ ಕುಮುದಿನಿ ಒಂದು ದಿನ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಎದುರಾದಳು. "ನಾನೆಂತ ಮಾಡುವುದು ತುಕ್ರು," ಎಂದು ಮುಖ ತಿರುಗಿಸಿದಳು. ತುಕ್ರುವಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತನ್ನ ಬಾಯಿಯ ಮೇಲೆಯೇ ಬಂತು.

ಮುಂದಿನ ಮಳೆಗಾಲಕ್ಕೆ ಬೇಲಿಯೊಳಗೆ ಬಳ್ಳಿ ಮತ್ತೆ ಚಿಗುರಿ ಸೋಲಾರ್ ಹಲಗೆಗಳ ಮೇಲೆ ಹಬ್ಬಿತು. ಎಷ್ಟು ಸವರಿದರೂ ವಾರದಲ್ಲಿ ಮತ್ತೆ ಹಾಜರು. ಸುಪರ್‌ವೈಸರ್ ಜೋಯೆಲ್ ಕಾಲೊನಿಗೆ ಹುಡುಕಿಕೊಂಡು ಬಂದ. ಒಳ್ಳೆಯ ಹುಡುಗ, ಚಪ್ಪಲಿ ಬಿಚ್ಚಿಯೇ ಜಗಲಿ ಹತ್ತಿದ.

"ಬಳ್ಳಿಯ ತಾಯಿಬೇರು ಎಲ್ಲುಂಟು ಅಂತ ನಿಮಗೆ ಮಾತ್ರ ಗೊತ್ತಂತೆ ಅಮ್ಮ. ಕಿತ್ತು ಕೊಡ್ತೀರಾ? ದಿನಗೂಲಿ ಉಂಟು."

ಗಂಡ ಮಲಗಿದಲ್ಲೇ ಕೆಮ್ಮಿದ. ಒಲೆ ಎರಡು ದಿನದಿಂದ ತಣ್ಣಗಿತ್ತು.

ಅಂದು ತುಕ್ರು ಬೇಲಿಯ ಗೇಟಿನಿಂದಲೇ, ಹೆಸರು ಬರೆಸಿ ಒಳಗೆ ಹೋದಳು. ಸಂಜೆಯೊಳಗೆ ಇಪ್ಪತ್ತಮೂರು ತಾಯಿಬೇರು ಕಿತ್ತಳು, ಒಂದು ತುಂಡೂ ಮಣ್ಣಲ್ಲಿ ಉಳಿದು ಮತ್ತೆ ಚಿಗುರದ ಹಾಗೆ. ಜೋಯೆಲ್ ತುಂಬಾ ಮೆಚ್ಚಿಕೊಂಡು, ನಾಳೆಯೂ ಬನ್ನಿ ಎಂದ. ಅವಳು ಬರ್ತೇನೆ ಎಂದಳು.