ಅವ್ವನ ಕಾಚಂಪುಳಿ ಮದ್ದು

ಮೂವತ್ತೆರಡನೆಯ ವಯಸ್ಸಿಗೇ ನನ್ನ ಕೆಳಸಾಲಿನ ಹಲ್ಲುಗಳು ನಾಲಗೆ ತಾಗಿದರೂ ಅಲ್ಲಾಡತೊಡಗಿದ್ದವು. ಆಗ ನಾನು ವಿರಾಜಪೇಟೆಗೆ ಹತ್ತಿರದ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳು ವಾಸಿಸುವ ಲೈನಿನ ಮುಂದೆ ನಿಂತು ಅವರ ಹೆಸರು ಕೂಗುವುದು ನನ್ನ ಕೆಲಸ. ನನ್ನ ಗಂಟಲಿಗೆ ಹೆದರದವರಿಲ್ಲ ಎಂಬ ಜಂಬವೂ ಇತ್ತು. ಎಸ್ಟೇಟಿನ ಕಾಂಪೌಂಡರ್ ನನ್ನ ಬಾಯೊಳಗೆ ಒಮ್ಮೆ ಇಣುಕಿ, ಇದು ಪಯೋರಿಯ, ಒಸಡು ಕೊಳೆಯುವ ರೋಗ, ಎಲ್ಲವನ್ನೂ ಕೀಳಿಸಿ ಕಟ್ಟಿಸಿದ ಹಲ್ಲು ಹಾಕಿಕೊಳ್ಳಿ ಎಂದುಬಿಟ್ಟ. ಹಬ್ಬದ ದಿನ ಹಂದಿಮಾಂಸದ ಎದುರು ಗಂಜಿ ಕುಡಿಯುತ್ತ ಕೂತಿದ್ದ ನನ್ನನ್ನು ನೋಡಿ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಆಳುಗಳ ಮೇಸ್ತ್ರಿ ಕೆಣಕಿದ. ನನಗೆ ಮೈ ಉರಿಯಿತು. ಬೊಚ್ಚುಬಾಯಲ್ಲಿ ಹೆಸರು ಕೂಗಿದರೆ ಇಡೀ ಲೈನು ನಗುತ್ತದೆಂದು ಹೆದರಿಕೆಯೂ ಆಯಿತು.

ಅವ್ವನಿಗೆ ಮಾತ್ರ ಹೆದರಿಕೆಯಿರಲಿಲ್ಲ. ಹುಳಿಹಣ್ಣಿನ ರಸವನ್ನು ಬತ್ತಿಸಿ ಮಾಡುವ ಕಪ್ಪು ಕಾಚಂಪುಳಿ ನಮ್ಮಲ್ಲಿ ಮಾಂಸದಡುಗೆಗೆ ಬೇಕೇಬೇಕು. ಅದು ಬಿದ್ದ ಮಾಂಸ ಬೇಗ ಕೆಡುವುದಿಲ್ಲ. ಹಂದಿಯ ಮಾಂಸವನ್ನು ಕಾಯುವುದು ಬಾಯಿಯ ಮಾಂಸವನ್ನು ಕೈಬಿಟ್ಟೀತೇ ಎಂಬುದು ಅವಳ ವಾದ. ಅದಕ್ಕೆ ಉಪ್ಪು ಬೆರೆಸಿ, ಒಂದು ವರ್ಷ ಪ್ರತಿದಿನ ತನ್ನ ಬೆರಳಿನಿಂದಲೇ ನನ್ನ ಒಸಡಿಗೆ ತಿಕ್ಕಿದಳು. ರಕ್ತ ಬರುವ ಕಡೆ ಹಲ್ಲುಜ್ಜುವ ಕಡ್ಡಿ ತಾಗಿಸಕೂಡದೆಂದು ಕಟ್ಟಪ್ಪಣೆ ಬೇರೆ. ತಿಕ್ಕಿದಾಗ ಒಸಡು ಬಿಗಿದಂತಾಗುತ್ತಿತ್ತು. ನಾನೂ ನಂಬಿದೆ.

ಹಲ್ಲುಗಳ ಅಲುಗಾಟ ಹೆಚ್ಚಿತೇ ಹೊರತು ನಿಲ್ಲಲಿಲ್ಲ. ಕೊನೆಗೆ, ಮೈಸೂರಿನಿಂದ ತಿಂಗಳಿಗೊಮ್ಮೆ ವಿರಾಜಪೇಟೆಗೆ ಬರುವ ಹಲ್ಲಿನ ಡಾಕ್ಟರರ ಬಳಿ ಹೋದೆ. ಕೀಳುವುದಾದರೆ ತಿಳಿದವರೇ ಕೀಳಲಿ ಎಂದುಕೊಂಡಿದ್ದೆ. ಅವರು ಇಕ್ಕಳ ಮುಟ್ಟಲೇ ಇಲ್ಲ. ಅಳತೆಯ ಗೀರು ಹಾಕಿದ ಸಣ್ಣ ಸಲಾಕೆಯೊಂದನ್ನು ಒಂದೊಂದು ಹಲ್ಲಿನ ಸುತ್ತ ಒಸಡಿನೊಳಗೆ ಮೆಲ್ಲಗೆ ಇಳಿಸಿದರು. ಗಟ್ಟಿ ಒಸಡಿನಲ್ಲಿ ಅದು ಹೆಚ್ಚು ಇಳಿಯುತ್ತಿರಲಿಲ್ಲ, ಕೆಟ್ಟ ಕಡೆ ಎರಡು ಮೂರು ಗೀರು ಮುಳುಗುತ್ತಿತ್ತು. ಎಷ್ಟು ಮುಳುಗಿತೆಂದು ಅವರು ಹೇಳುವುದು, ಜೊತೆಗಿದ್ದವನು ಬರೆದುಕೊಳ್ಳುವುದು. ಬಳಿಕ ಎರಡು ಸಲಾಕೆಗಳ ಹಿಡಿಕೆಗಳ ನಡುವೆ ಪ್ರತಿ ಹಲ್ಲನ್ನೂ ಹಿಡಿದು ಅಲ್ಲಾಡಿಸಿದರು. ದಿನಾ ಊರವರ ಹಾಜರಿ ಕೂಗುವ ನಾನು, ಬಾಯಿ ತೆರೆದು ನನ್ನದೇ ಹಲ್ಲುಗಳ ಹಾಜರಿ ಕೇಳುತ್ತ ಮಲಗಿದ್ದೆ. ನಾಚಿಕೆಯಾಯಿತು.

“ಹಿಂದಿನ ಎರಡಕ್ಕೆ ಆಧಾರವೇ ಉಳಿದಿಲ್ಲ, ಅವು ಹೋಗಬೇಕು,” ಎಂದರು ಡಾಕ್ಟರು. “ಮುಂದಿನವಕ್ಕೆ ಮೂಳೆ ತಗ್ಗಿದೆ, ಆದರೆ ಇದೆ. ಉಳಿಸಿಕೊಳ್ಳಬಹುದು.”

ಕಣ್ಣಲ್ಲಿ ನೀರು ಬಂತು. ಸಲಾಕೆಯ ನೋವೆಂದು ಅವರು ತಿಳಿದಿರಬೇಕು. ಕಾಚಂಪುಳಿಯ ಸಂಗತಿ ಕೇಳಿ ಅವರು ನಗಲಿಲ್ಲ. ಹುಳಿ ಒಸಡನ್ನು ಮೇಲಿಂದ ಬಿಗಿದು ಹಲ್ಲಿನ ಹೊಳಪನ್ನು ತಿಂದಿದೆ, ರೋಗಕ್ಕೆ ಮೂಲವಾದ ಪಾಚಿ ಒಳಗೆ ಗಟ್ಟಿಯಾಗಿ ಹಾಗೇ ಕೂತಿದೆ ಎಂದು ವಿವರಿಸಿದರು. ಅದನ್ನು ಕೆರೆದು ತೆಗೆಯಲು ಶುರುಮಾಡಿದರು. ರಕ್ತ ಬರುವ ಕಡೆಯೇ ಮೆತ್ತಗೆ ಉಜ್ಜಬೇಕು ಎಂದರು.

ಬಸ್ಸಿನಲ್ಲಿ ಬರುವಾಗ ಅವ್ವನಿಗೆ ಹೇಳಬೇಕಾದ ಬೈಗುಳಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಅವಳು ಜಗಲಿಯಲ್ಲಿ ಕಾದಿದ್ದಳು. ಎರಡೇ ಹೋಗುವುದು, ಉಳಿದವು ಉಳಿಯುತ್ತವೆ ಎಂದೊಡನೆ ಕೈಮುಗಿದಳು, ಕಾಚಂಪುಳಿ ಹಿಡಿಯಿತು ನೋಡು ಎಂದು ಮುಖ ಅರಳಿಸಿದಳು. ಬೈಗುಳ ಬಾಯಿಗೆ ಬರಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ತಿಳಿಸಿದೆ.

ಅವ್ವ ತನ್ನ ಬೆರಳನ್ನೇ ನೋಡಿಕೊಂಡಳು. “ನಾನು ಮದುವೆಯಾಗಿ ಬಂದಾಗಿಂದ ನನ್ನ ಒಸಡಿಗೂ ಅದನ್ನೇ ತಿಕ್ಕಿದ್ದು ಮಗ. ನನ್ನ ಹಲ್ಲು ಹೋದದ್ದು ವಯಸ್ಸಿಗೆ ಅಂತ ತಿಳ್ಕೊಂಡಿದ್ದೆ,” ಎಂದಳು.

ಆಮೇಲೆ ನನ್ನ ಹತ್ತಿರ ಸರಿದು, ಬೆಳಕಿಗೆ ಮುಖ ಮಾಡಿ, ತುಟಿಯನ್ನು ಬೆರಳಿನಿಂದ ಕೆಳಗೆಳೆದಳು.

“ಇನ್ನೂ ಆರು ಉಂಟು. ಆ ಡಾಕ್ಟ್ರು ಮುಂದಿನ ತಿಂಗಳು ಬರುವಾಗ ನನ್ನನ್ನೂ ಕರ್ಕೊಂಡು ಹೋಗ್ತೀಯಾ?”